ಬುತ್ತಿ ಕಟ್ಟಿ ಹೊರಟ ಹಗಲುಗಳು

ಹಳೇ ಪ್ರವಾಸಗಳನ್ನು ನೆನೆಯಲು ಕೂತರೆ ಎಲ್ಲರೂ ಮೊದಲು ಹುಡುಕುವುದು ಆಲ್ಬಮ್. ಒಂದು ರೀಲಿಗೆ 36 ಫೋಟೊ, ಇಡೀ ಪ್ರವಾಸಕ್ಕೆ ಅಷ್ಟೇ. ಹಾಗಾಗಿ ಒಂದನ್ನೂ ಹಾಳು ಮಾಡುವಂತಿರಲಿಲ್ಲ. ಎಲ್ಲರೂ ಸಾಲಾಗಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೆಟ್ಟಗೆ ಕ್ಯಾಮೆರಾ ನೋಡುತ್ತಿರುತ್ತಾರೆ; ಹಿಂದೆ ಗೋಪುರ ಅರ್ಧ ಕಂಡಿರುತ್ತದೆ. ಆವತ್ತು ಎಷ್ಟು ಹೊತ್ತಿಗೆ ಹೊರಟರು, ಎಲ್ಲಿ ಬುತ್ತಿ ಬಿಚ್ಚಿದರು, ಯಾವ ಬಾಗಿಲು ಮುಚ್ಚಿತ್ತು, ಮನೆಗೆ ಬಂದಾಗ ಎಷ್ಟು ಗಂಟೆ, ಇದು ಯಾವುದೂ ಅಲ್ಲಿಲ್ಲ.

ಇದನ್ನೆಲ್ಲ ಉಳಿಸಿಕೊಂಡಿರುವುದು ಲೆಕ್ಕದ ಚೀಟಿ. ಹಳೇ ಕಾಲದ ಯಜಮಾನರು ಜೇಬಿನ ಡೈರಿಯಲ್ಲಿ ಒಂದು ಪುಟ ಬರೆಯುತ್ತಿದ್ದರು: ಬಸ್ ಚಾರ್ಜು, ಚಪ್ಪಲಿ ಕಾಯುವವರಿಗೆ, ಎಳನೀರು, ಹಣ್ಣುಕಾಯಿ, ಕೊನೆಗೆ ಆಟೋ. ಹತ್ತಿಪ್ಪತ್ತು ವರ್ಷದ ಇಂಥ ಪುಟಗಳನ್ನು ಸಾಲಾಗಿ ಇಟ್ಟರೆ ಒಂದು ಮನೆಯ ಪ್ರವಾಸಗಳ ಚರಿತ್ರೆಯೇ ಕಾಣುತ್ತದೆ. ಯಾವುದು ಹಿತವಾಗಿತ್ತು, ಯಾವುದು ಬರೀ ಓಟವಾಗಿತ್ತು ಎನ್ನುವುದು ಅಂಕಿಯಲ್ಲೇ ಗೊತ್ತಾಗುತ್ತದೆ. ಒಂದು ದಿನದ ಪ್ರವಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹಗಲಿನಲ್ಲಿ ಹಿಡಿಸುವುದಕ್ಕಿಂತ ಒಂದು ಊರು ಹೆಚ್ಚಾಗಿರುತ್ತದೆ.

ಬೆಂಗಳೂರಿನವರಿಗೆ ಇದರ ಅತಿ ಪರಿಚಿತ ಉದಾಹರಣೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡು. ಮೂರನ್ನೂ ಒಂದೇ ದಿನ ಮುಗಿಸುವ ಆಸೆ ತಲೆಮಾರುಗಳಿಂದ ನಡೆದುಬಂದಿದೆ. ದೂರ ಕೂಡಿಸಿ ನೋಡಿ. ಬೆಂಗಳೂರಿನಿಂದ ಹೊರಟು ಹಿರೀಸಾವೆಯಲ್ಲಿ ತಿರುಗಿ ಶ್ರವಣಬೆಳಗೊಳ ಸೇರಲು ಸುಮಾರು 145 ಕಿ.ಮೀ. ಅಲ್ಲಿಂದ ಚನ್ನರಾಯಪಟ್ಟಣ, ಹಾಸನದ ಮೇಲೆ ಬೇಲೂರಿಗೆ 90ರ ಆಸುಪಾಸು. ಬೇಲೂರಿನಿಂದ ಹಳೇಬೀಡಿಗೆ 16. ಹಳೇಬೀಡಿನಿಂದ ಹಾಸನಕ್ಕೆ 30 ದಾಟುತ್ತದೆ, ಹಾಸನದಿಂದ ಬೆಂಗಳೂರಿಗೆ 185. ಒಟ್ಟು 465ರಿಂದ 470 ಕಿ.ಮೀ. ನಾಲ್ಕು ಪಥದ ಹೆದ್ದಾರಿ ಇದ್ದರೂ ಊರೊಳಗಿನ ರಸ್ತೆ, ಹಂಪು, ನೆಲಮಂಗಲದ ದಟ್ಟಣೆ ಎಲ್ಲ ಸೇರಿ ಗಂಟೆಗೆ ಸರಾಸರಿ 50ಕ್ಕಿಂತ ಮೇಲೆ ಬರುವುದು ಕಷ್ಟ. ಅಲ್ಲಿಗೆ ಒಂಬತ್ತೂವರೆ ಗಂಟೆ ಸೀಟಿನ ಮೇಲೆಯೇ ಹೋಯಿತು.

ಬೆಳಿಗ್ಗೆ ಐದಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತೀರಿ ಎಂದುಕೊಳ್ಳಿ. ಹದಿನಾರು ಗಂಟೆಯಲ್ಲಿ ಉಳಿದದ್ದು ಆರೂವರೆ. ತಿಂಡಿ, ಊಟ, ಕಾಫಿ, ಶೌಚಾಲಯ, ಪಾರ್ಕಿಂಗ್, ಚಪ್ಪಲಿ ಬಿಡುವ ಸಾಲು, ಮಕ್ಕಳು ಹಟ ಹಿಡಿದು ನಿಲ್ಲುವ ಆಟಿಕೆ ಅಂಗಡಿ, ಇವಕ್ಕೆಲ್ಲ ಎರಡೂವರೆ ಗಂಟೆ ಕಳೆಯಿರಿ. ಮೂರು ಜಾಗಕ್ಕೆ ಸಿಗುವುದು ನಾಲ್ಕು ಗಂಟೆ. ವಿಂಧ್ಯಗಿರಿ ಒಂದನ್ನೇ ಸಮಾಧಾನವಾಗಿ ಹತ್ತಿ, ಗೊಮ್ಮಟನ ಮುಂದೆ ಸ್ವಲ್ಪ ಕೂತು, ಇಳಿದು ಬರಲು ಎರಡು ಗಂಟೆ ಬೇಕು. ಉಳಿದ ಎರಡು ಗಂಟೆಯಲ್ಲಿ ಹೊಯ್ಸಳರ ಎರಡು ದೇವಾಲಯ! ಗೈಡು ಹೇಳಿದ್ದು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುವುದಷ್ಟೇ ಆಗುತ್ತದೆ.

ಗಾಡಿ ಓಡಿಸುವವರ ಲೆಕ್ಕವೂ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನದ ದುಡಿಮೆಗೆ ಎಂಟು ಗಂಟೆಯ ಮಿತಿ ಹಾಕಿತ್ತು. ಮೇಲಿನ ಪ್ರವಾಸದಲ್ಲಿ ಚಾಲಕ ಸ್ಟೀರಿಂಗ್ ಹಿಡಿಯುವುದೇ ಒಂಬತ್ತೂವರೆ ಗಂಟೆ. ನಾಲ್ಕಕ್ಕೆ ಎದ್ದು ಗಾಡಿ ತೊಳೆದು ಬಂದವರು ರಾತ್ರಿ ಎಂಟರ ಹೊತ್ತಿಗೆ ಕುಣಿಗಲ್ ದಾಟುವಾಗ ಹಿಂದಿನ ಸೀಟಿನವರೆಲ್ಲ ನಿದ್ದೆ ಹೋಗಿರುತ್ತಾರೆ. ಆ ಹೊತ್ತಿನಲ್ಲಿ ಒಬ್ಬರಾದರೂ ಮುಂದೆ ಕೂತು ಅವರ ಜೊತೆ ಮಾತಾಡುತ್ತಿರಬೇಕು. ಅದಕ್ಕಿಂತ ಒಳ್ಳೆಯದು, ಪ್ರವಾಸವನ್ನೇ ಎರಡು ಮಾಡುವುದು. ಒಂದು ಸಲ ಶ್ರವಣಬೆಳಗೊಳ ಮಾತ್ರ, ಹೋಗುವಾಗಲೋ ಬರುವಾಗಲೋ ಎಡೆಯೂರು. ಇನ್ನೊಂದು ಸಲ ಬೇಲೂರು, ಹಳೇಬೀಡು. ಮೂರೂ ಒಟ್ಟಿಗೆ ಬೇಕೇ ಬೇಕು ಎನ್ನುವವರು ಹಾಸನದಲ್ಲಿ ಒಂದು ರಾತ್ರಿ ತಂಗಲಿ.

ಯೋಜನೆ ಹಾಕುವಾಗ ಹೊರಡುವ ಹೊತ್ತನ್ನು ಮೊದಲು ಬರೆಯಬೇಡಿ. ಮನೆಯ ಬೀಗ ತೆಗೆಯುವ ಹೊತ್ತನ್ನು ಬರೆಯಿರಿ. ಮಾರನೇ ದಿನ ಶಾಲೆ, ಕಚೇರಿ ಇದ್ದರೆ ರಾತ್ರಿ ಎಂಟು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ: ವಾಪಸ್ ರಸ್ತೆಗೆ ನಾಲ್ಕೂವರೆ ಗಂಟೆ, ನಡುವೆ ಒಂದು ಕಾಫಿಗೆ ಅರ್ಧ ಗಂಟೆ, ಹಾಗಾದರೆ ಕೊನೆಯ ಜಾಗ ಮೂರಕ್ಕೆ ಬಿಡಬೇಕು. ಹೀಗೆ ಎಣಿಸಿದಾಗ ಮಾತ್ರ ನಾಲ್ಕನೇ ಊರಿಗೆ ಜಾಗವಿಲ್ಲ ಎನ್ನುವುದು ಮೊದಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಅದು ಗೊತ್ತಾಗುವುದು ದಾರಿಯಲ್ಲಿ, ಎಲ್ಲರೂ ಸುಸ್ತಾಗಿ ಸಿಡಿಮಿಡಿಗೊಂಡ ಮೇಲೆ.

ಬಾಡಿಗೆ ಗಾಡಿ ಗೊತ್ತು ಮಾಡುವಾಗ ಕಿಲೋಮೀಟರಿನ ದರವೊಂದನ್ನೇ ಕೇಳಿ ಫೋನ್ ಇಡುವವರು ಕೊನೆಗೆ ಜಗಳವಾಡುತ್ತಾರೆ. ಕೇಳಬೇಕಾದದ್ದು ಇನ್ನೂ ನಾಲ್ಕಿವೆ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ.ಗೆ ದುಡ್ಡು ಕೊಡಬೇಕು, ಕಿ.ಮೀ. ಲೆಕ್ಕ ನಿಮ್ಮ ಮನೆಯಿಂದಲೋ ಅವರ ಶೆಡ್ಡಿನಿಂದಲೋ, ಚಾಲಕರ ಬಾಟಾ (ದಿನಭತ್ಯೆ) ಎಷ್ಟು ಮತ್ತು ರಾತ್ರಿ ಎಷ್ಟು ಗಂಟೆ ಮೇಲೆ ಅದು ಎರಡಾಗುತ್ತದೆ, ಟೋಲು ಮತ್ತು ಪಾರ್ಕಿಂಗ್ ಯಾರದು. ಮಧ್ಯರಾತ್ರಿ ಹನ್ನೆರಡು ದಾಟಿದರೆ ಎರಡನೇ ದಿನದ ಬಾಡಿಗೆ ಬೀಳುವುದುಂಟು. ಮೀಟರಿನ ಅಂಕಿಯನ್ನು ಹೊರಡುವಾಗಲೂ ಇಳಿಯುವಾಗಲೂ ಫೋಟೊ ಹಿಡಿದಿಟ್ಟುಕೊಳ್ಳಿ. ಇದು ಅನುಮಾನವಲ್ಲ, ಇಬ್ಬರಿಗೂ ಅನುಕೂಲ.

ಊರುಗಳ ಸಂಖ್ಯೆಯಷ್ಟೇ ಅವುಗಳ ಸರತಿಯೂ ಮುಖ್ಯ. ವಿಂಧ್ಯಗಿರಿಯದು ಬಂಡೆಯಲ್ಲೇ ಕಡಿದ ಸುಮಾರು 650 ಮೆಟ್ಟಿಲು, ಹತ್ತಬೇಕಾದದ್ದು ಬರಿಗಾಲಲ್ಲಿ. ಹತ್ತು ಗಂಟೆಗೆ ಮುಂಚೆ ಕಲ್ಲು ತಂಪಾಗಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕಲ್ಲು ಕಾದ ಹೆಂಚು. ಜೊತೆಗೊಂದು ದಪ್ಪ ಕಾಲುಚೀಲ ಇಟ್ಟುಕೊಂಡರೆ ಇಳಿಯುವಾಗ ಅಂಗಾಲು ಉಳಿಯುತ್ತದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಂಥವರಿಗೆ ಡೋಲಿ ಇದೆ. ಕ್ರಿ.ಶ. 981ರ ಹೊತ್ತಿಗೆ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಆ ಮೂರ್ತಿಯನ್ನು ಬೆಳಗಿನ ಬಿಸಿಲಲ್ಲಿ ನೋಡುವುದೇ ಬೇರೆ. ನೆತ್ತಿಯ ಮೇಲಿನ ಸೂರ್ಯನಿಗೆ ಮುಖದ ನೆರಳೆಲ್ಲ ಕಣ್ಣು, ಮೂಗಿನ ಕೆಳಗೆ ಕಪ್ಪಾಗಿ ಇಳಿದು ಆ ನಸುನಗೆ ಮಸುಕಾಗುತ್ತದೆ.

ಬೇಲೂರಿನ ಚೆನ್ನಕೇಶವ ಈಗಲೂ ಪೂಜೆ ನಡೆಯುವ ದೇವಸ್ಥಾನ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ದರ್ಶನ ಬೇಕಿದ್ದವರು ಅದಕ್ಕೆ ಮುಂಚೆಯೇ ಮುಟ್ಟಬೇಕು. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಹೊತ್ತು ಇಳಿದ ಮೇಲೆ ಹೋಗುವುದು ಮೇಲು. ಗುಡಿಯ ಮುಖ ಪೂರ್ವಕ್ಕೆ, ಹೊರಗೋಡೆಯ ಅತ್ಯಂತ ಸಮೃದ್ಧ ಶಿಲ್ಪಗಳಿರುವುದು ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ನಂತರ ಬಿಸಿಲು ಓರೆಯಾಗಿ ಆ ಗೋಡೆಗೆ ಬೀಳುತ್ತದೆ. ಬಳಪದ ಕಲ್ಲಿನಲ್ಲಿ ಕೊರೆದ ಒಂದೊಂದು ಗೆಜ್ಜೆ, ಒಂದೊಂದು ಸರ ಆಗ ಎದ್ದು ಕಾಣುತ್ತದೆ.

ಅಲ್ಲಿ ಹೆಚ್ಚಿನವರು ಗೋಡೆಯುದ್ದಕ್ಕೂ ನಡೆದುಬಿಡುತ್ತಾರೆ. ಒಂದು ಮೂಲೆಯಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಎಲ್ಲಕ್ಕೂ ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳ ಪಟ್ಟಿಕೆ, ಮೇಲೆ ಮಕರ, ಕೊನೆಗೆ ಹಂಸ. ಭಾರ ಹೊರುವ ಆನೆ ತಳದಲ್ಲಿ, ಹಾರುವ ಹಂಸ ತುದಿಯಲ್ಲಿ. ಮಕ್ಕಳಿಗೆ ಇದೊಂದನ್ನು ತೋರಿಸಿ, ಕಥೆಯ ಪಟ್ಟಿಕೆಯಲ್ಲಿ ಗೊತ್ತಿರುವ ಒಂದು ಕಥೆ ಹುಡುಕಲು ಬಿಟ್ಟರೆ ಅರ್ಧ ಗಂಟೆ ಸದ್ದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಹೋಗುವವರಿಗೆ ಇನ್ನೊಂದು ನೆಪ ಸಿಕ್ಕಿದೆ, ಸಂತೋಷ. ಆದರೆ ಹಳೇಬೀಡಿನ ಅಂಗಳದ ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮೈಸೂರಿನ ಮೃಗಾಲಯ, ಬನ್ನೇರುಘಟ್ಟ ಎರಡಕ್ಕೂ ಮಂಗಳವಾರ ರಜೆ. ಈ ಎರಡು ವಾರಗಳನ್ನು ಮರೆತು ಗೇಟಿನ ಮುಂದೆ ನಿಂತವರ ಸಂಖ್ಯೆ ಸಣ್ಣದಲ್ಲ.

ಇನ್ನು ಬುತ್ತಿ. ಹೋಟೆಲು ಇಲ್ಲದ ಕಾಲದ ಅನಿವಾರ್ಯ ಅದು ಎಂದು ಈಗಿನವರು ಅಂದುಕೊಂಡಿದ್ದಾರೆ. ಬುತ್ತಿಯ ನಿಜವಾದ ಉಪಕಾರ ಹೊತ್ತಿನದು. ಭಾನುವಾರ ಹೆದ್ದಾರಿಯ ಹೋಟೆಲಿನಲ್ಲಿ ಮೇಜಿಗೆ ಕಾದು, ಹೇಳಿ, ತಿಂದು, ಬಿಲ್ಲು ಕೊಟ್ಟು ಏಳಲು ಒಂದೂಕಾಲು ಗಂಟೆ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದರೆ ಮುಕ್ಕಾಲು ಗಂಟೆಯಲ್ಲಿ ಊಟವೂ ಆಯಿತು, ಬೆನ್ನು ಚಾಚಿದ್ದೂ ಆಯಿತು.

ಎಂಟು ಜನಕ್ಕೆ ಪುಳಿಯೋಗರೆಗೆ 750 ಗ್ರಾಂ ಅಕ್ಕಿ, ಮೊಸರನ್ನಕ್ಕೆ 350 ಗ್ರಾಂ ಸಾಕು. ಗೊಜ್ಜು ಹಿಂದಿನ ದಿನವೇ ಆಗಬೇಕು: ಹುಣಸೆಹಣ್ಣು 100 ಗ್ರಾಂ, ಬೆಲ್ಲ 40 ಗ್ರಾಂ, ಎಳ್ಳೆಣ್ಣೆ ಎಂಟನೇ ಒಂದು ಲೀಟರು. ಸಣ್ಣ ಉರಿಯಲ್ಲಿ ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುವವರೆಗೆ ಕುದಿಸಬೇಕು. ಎಣ್ಣೆ ಬಿಡುವ ಮೊದಲೇ ಇಳಿಸಿದರೆ ಒಳಗೆ ನೀರು ಉಳಿದಿರುತ್ತದೆ, ಆ ನೀರೇ ಹಳಸಲು ದಾರಿ. ಅನ್ನಕ್ಕೆ ಎರಡರ ಬದಲು ಒಂದೂಮುಕ್ಕಾಲು ಪಾಲು ನೀರು ಇಟ್ಟು ಉದುರುದುರಾಗಿ ಮಾಡಿ, ಅಗಲವಾದ ತಟ್ಟೆಗೆ ಹರಡಿ, ಒಂದು ಚಮಚ ಎಣ್ಣೆ ಸವರಿ ಪೂರ್ತಿ ಆರಿಸಬೇಕು. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಹೊರಡುವ ಅವಸರಕ್ಕೆ ಬಿಸಿಬಿಸಿ ಡಬ್ಬಿಗೆ ತುಂಬಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಅನ್ನದ ಮೇಲೆಯೇ ಬೀಳುತ್ತದೆ. ಹನ್ನೊಂದಕ್ಕೆ ಡಬ್ಬಿ ತೆಗೆದಾಗ ಬರುವ ಆ ಮುಗ್ಗಲು ವಾಸನೆ ಅದರದೇ. ಗೊಜ್ಜಿನ ಹುಳಿ, ಎಣ್ಣೆ ಎರಡೂ ಅನ್ನವನ್ನು ಕಾಯುತ್ತವೆ, ಆದರೆ ಹಬೆಯ ಮುಂದೆ ಅವೂ ಸೋಲುತ್ತವೆ.

ಚಿತ್ರಾನ್ನ ಒಯ್ಯುವುದಾದರೆ ಹಸಿ ತೆಂಗಿನತುರಿ ಬೇಡವೇ ಬೇಡ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಮೊದಲು ಹಳಸುವುದು ಅದೇ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕಾದ ಒಗ್ಗರಣೆಗೆ ಬಿದ್ದರೆ ಕಹಿ.

ಮೊಸರನ್ನ ಎಂಬ ಹೆಸರಿದ್ದರೂ ಬುತ್ತಿಗೆ ಅದು ಹಾಲನ್ನವಾಗಿಯೇ ಹೊರಡಬೇಕು. ಅಕ್ಕಿಗೆ ಮೂರೂವರೆ ಪಾಲು ನೀರಿಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಮಸೆದು, ಕಾಯಿಸಿದ ಹಾಲು ಮುಕ್ಕಾಲು ಲೀಟರು ಹಾಕಿ ಕಲಸಿ. ಪೂರ್ತಿ ತಣ್ಣಗಾದ ಮೇಲೆ ಮೂರು ಚಮಚ ಮೊಸರು, ಬೇಸಿಗೆಯಾದರೆ ಎರಡೇ. ಐದಕ್ಕೆ ಕಲಸಿದ್ದು ಹನ್ನೆರಡರ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಮನೆಯಲ್ಲೇ ಪೂರಾ ಮೊಸರು ಸುರಿದು ಕಲಸಿದರೆ ಊಟದ ಹೊತ್ತಿಗೆ ಹಲ್ಲು ಚುಳುಕ್ಕೆನ್ನುವಷ್ಟು ಹುಳಿ. ಈರುಳ್ಳಿ, ಸೌತೆಕಾಯಿ ನೀರು ಬಿಡುತ್ತವೆ, ಅವನ್ನು ಬೇರೆ ಒಯ್ದು ತಿನ್ನುವಾಗ ಸೇರಿಸಿ; ದಾಳಿಂಬೆ, ಶುಂಠಿ, ಒಗ್ಗರಣೆ ಮೊದಲೇ ಹಾಕಬಹುದು. ಬಾಳೆ ಎಲೆಯನ್ನು ಉರಿಯ ಮೇಲೆ ಒಂದು ಸಲ ಆಡಿಸಿ ಬಾಡಿಸಿಕೊಂಡರೆ ಮಡಿಸಿದರೂ ಸೀಳುವುದಿಲ್ಲ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳದ ಕೆಳಗೆ ಅದೇ ಎಲೆಯ ತುಂಡು ಇಟ್ಟರೆ ಎಣ್ಣೆ ಚೀಲಕ್ಕೆ ಇಳಿಯುವುದಿಲ್ಲ. ಚಾಮುಂಡಿಬೆಟ್ಟ, ನಂದಿಬೆಟ್ಟದಂಥ ಕಡೆ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಗೆ ತೂಗಿಹಾಕಿಕೊಂಡು ನಡೆಯಬೇಡಿ. ಕವರಿನ ಸರಬರ ಸದ್ದು ಕೋತಿಗಳಿಗೆ ಚೆನ್ನಾಗಿ ಗೊತ್ತು.

ಹಳೇ ಮನೆಗಳಲ್ಲಿ ನೀರಿಗೆ ಕೂಜ ಇರುತ್ತಿತ್ತು. ಹಿತ್ತಾಳೆಯದೋ ತಾಮ್ರದ್ದೋ, ಉರುಟು ಹೊಟ್ಟೆ, ತಿರುಪಿನ ಮುಚ್ಚಳ, ಮೇಲೊಂದು ಹಿಡಿ. ಮುಚ್ಚಳದ ತಿರುಪು ಸವೆದಿದ್ದರೆ ಬಸ್ಸಿನ ಕುಲುಕಾಟಕ್ಕೆ ನೀರು ಜಿನುಗಿ ಕೂತವರ ಸೀರೆ ಒದ್ದೆಯಾಗುತ್ತಿತ್ತು, ಅದಕ್ಕೆ ಒಳಗೊಂದು ಬಟ್ಟೆ ಸುತ್ತುತ್ತಿದ್ದರು. ಈಗಿನ ಬಾಟಲಿಗಳ ನಡುವೆಯೂ ಐದು ಲೀಟರಿನ ಒಂದು ಕ್ಯಾನ್ ಮನೆಯಿಂದಲೇ ತುಂಬಿಕೊಂಡು ಹೊರಡುವುದು ಒಳ್ಳೆಯ ಪದ್ಧತಿ. ಕೈ ತೊಳೆಯಲೂ ಆಯಿತು.

ಈ ಬುತ್ತಿಯ ಹಿಂದೆ ಮೂರು ಗಂಟೆಗೆ ಎದ್ದು ಒಲೆ ಹಚ್ಚಿದವರು ಇದ್ದಾರೆ. ಹಳೇ ಫೋಟೊಗಳಲ್ಲಿ ಅವರ ಕಣ್ಣು ಸ್ವಲ್ಪ ಊದಿಕೊಂಡಿರುವುದು ಬಿಸಿಲಿಗಲ್ಲ. ಊರು ಆರಿಸುತ್ತಿದ್ದವರು ಗಂಡಸರು, ಬುತ್ತಿ ಕಟ್ಟುತ್ತಿದ್ದವರು ಹೆಂಗಸರು. ಪ್ರವಾಸವೆಂದರೆ ಅಡುಗೆಮನೆ ಒಂದು ದಿನ ಬೇರೆ ಊರಿಗೆ ಹೋಗುವುದು ಎಂದೇ ಎಷ್ಟೋ ಮನೆಗಳಲ್ಲಿ ನಡೆದಿತ್ತು. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಇದನ್ನು ಅಲುಗಾಡಿಸಿತು. ಧರ್ಮಸ್ಥಳಕ್ಕೆ, ಕುಕ್ಕೆಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಂಗಸರೇ ಗುಂಪು ಕಟ್ಟಿಕೊಂಡು ಹೊರಟರು. ಬಸ್ಸಿನ ನೂಕುನುಗ್ಗಲಿನ ಬಗ್ಗೆ ಗೊಣಗುವವರು ಗೊಣಗಲಿ. ಅರವತ್ತು ದಾಟಿದ ಮೇಲೆ ಮೊದಲ ಸಲ ತಾವೇ ಊರು ಆರಿಸಿದವರು ಆ ಬಸ್ಸುಗಳಲ್ಲಿದ್ದಾರೆ. ನೆನಪಿಡಬೇಕಾದದ್ದು ಇಷ್ಟು: ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಮಾತ್ರ ಅನ್ವಯ, ರಾಜಹಂಸ, ಐರಾವತಕ್ಕೆ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಶೂನ್ಯ ದರದ ಟಿಕೆಟನ್ನು ಇಳಿಯುವವರೆಗೂ ಜೋಪಾನ ಮಾಡಬೇಕು. ಇಳಿದ ಕೂಡಲೇ ದೇವಸ್ಥಾನದ ಕಡೆ ಹೋಗದೆ ಮೊದಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ವಾಪಸ್ ಬರುವ ಕೊನೆಯ ಎರಡು ಬಸ್ಸಿನ ಹೊತ್ತು ಕೇಳಿ ಬರೆದುಕೊಳ್ಳಿ. ಕೊನೆಯದಕ್ಕಿಂತ ಒಂದು ಮುಂಚಿನದೇ ನಿಮ್ಮ ಬಸ್ಸು ಎಂದುಕೊಳ್ಳಿ.

ಮೈಸೂರು ರಸ್ತೆ ಬದಲಾದದ್ದೂ ಆ ವರ್ಷವೇ. 2023ರ ಮಾರ್ಚ್ 12ರಂದು 118 ಕಿ.ಮೀ.ನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು ಅದರ ಮುಖ್ಯ ಪಥಕ್ಕೆ ಬರುವಂತಿಲ್ಲ. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ದಾರಿಗೆ ಈಗ ಅಷ್ಟು ಹೊತ್ತು ಬೇಡ ಎನ್ನುವುದು ನಿಜ. ಆದರೆ ಎಪ್ಪತ್ತೈದು ನಿಮಿಷವೆಂದು ಹೇಳುವ ಲೆಕ್ಕ ಹೆದ್ದಾರಿಯದು ಮಾತ್ರ, ನಿಮ್ಮ ಮನೆಯಿಂದ ಕೆಂಗೇರಿ ದಾಟುವುದು ಅದರಲ್ಲಿಲ್ಲ. ಇನ್ನೊಂದು, ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರು ವಡೆ ಪ್ರಯಾಣದ ಮೈಲಿಗಲ್ಲುಗಳಾಗಿದ್ದವು. ಮಕ್ಕಳು "ಇನ್ನೂ ಎಷ್ಟು ದೂರ" ಎಂದಾಗ "ವಡೆ ಊರು ಬರಲಿ" ಎನ್ನುತ್ತಿದ್ದರು. ಈಗ ಅವು ಬೇಕಿದ್ದರೆ ಮೊದಲೇ ತೀರ್ಮಾನಿಸಿ ಸರ್ವಿಸ್ ರಸ್ತೆಗೆ ಇಳಿಯಬೇಕು, ಇಳಿಯುವ ಜಾಗ ತಪ್ಪಿದರೆ ಹಿಂದೆ ತಿರುಗುವಂತಿಲ್ಲ. ಇಳಿಯುವುದು ಸಾರ್ಥಕ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಕಲಸಿ ಗರಿಯಾಗಿ ಕರಿದ ಮದ್ದೂರು ವಡೆ ಉದ್ದಿನ ವಡೆಯಂತೆ ಸಂಜೆಗೆ ಮೆತ್ತಗಾಗಿ ಹುಳಿಯಾಗುವುದಿಲ್ಲ. ಪ್ರಯಾಣಕ್ಕೆಂದೇ ಹೇಳಿಮಾಡಿಸಿದ ತಿಂಡಿ.

ಮೈಸೂರಿಗೆ ಒಂದು ದಿನಕ್ಕೆ ಹೋಗುವವರಿಗೆ ಈಗಲೂ ರೈಲೇ ಸರಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತದೆ, ಅದನ್ನು ನೋಡದೆ ಬರಲು ಮನಸ್ಸಾಗುವುದಿಲ್ಲ. ನೋಡಿ ಹೊರಟ ಕಾರುಗಳೆಲ್ಲ ಒಟ್ಟಿಗೆ ಕೆಂಗೇರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ರೈಲಿನಲ್ಲಾದರೆ ಆ ಹೊತ್ತಿನಲ್ಲಿ ಕಾಲು ಚಾಚಿ ಕೂತಿರುತ್ತೀರಿ. ಜೋಗಕ್ಕೂ ಅಷ್ಟೇ. ಬೆಂಗಳೂರಿನಿಂದ ಸುಮಾರು 400 ಕಿ.ಮೀ., ಕಾರಿನಲ್ಲಿ ಒಂದು ದಿನದ ಮಾತಲ್ಲ. ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಜೋಗದ ಬಾಗಿಲಲ್ಲಿ ಇಳಿದಂತೆ, ರಾತ್ರಿ ಅಲ್ಲಿಂದಲೇ ವಾಪಸ್. ಎರಡು ರಾತ್ರಿಗಳ ನಡುವೆ ಒಂದು ಇಡೀ ಹಗಲು ನಿಮ್ಮದು. ಆದರೆ ಯಾವಾಗ ಹೋಗುವುದು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಆಮೇಲೆ ಜಲಪಾತಕ್ಕೆ. ಬೇಸಿಗೆಯಲ್ಲಿ ಹೋದವರು 830 ಅಡಿಯ ಬರೀ ಬಂಡೆ ನೋಡಿ ಬರುತ್ತಾರೆ. ಜುಲೈಯಲ್ಲಿ ನೀರಿದ್ದರೂ ಮಂಜು ಪರದೆ ಎಳೆದಿರುತ್ತದೆ, ಗಂಟೆಗಟ್ಟಲೆ ಕಾದು ಜಲಪಾತದ 'ರಾಜ' ಎಂಬ ಕವಲಿನ ಸದ್ದು ಮಾತ್ರ ಕೇಳಿ ಬಂದವರಿದ್ದಾರೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಹದ. ರಂಗನತಿಟ್ಟಿನದು ಇದಕ್ಕೆ ತಿರುಗಾಮುರುಗಾ: ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಹಕ್ಕಿಗಳು ಗೂಡು ಕಟ್ಟಿ ಗಲಗಲ ಎನ್ನುವುದು ಚಳಿ ಮುಗಿಯುವ ಹೊತ್ತಿಗೆ.

ಮಲೆನಾಡಿನ ಮಳೆಗೆ ಹೋಗುವವರು ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಹೆದರಿ ಅರ್ಧ ಖುಷಿ ಕಳೆದುಕೊಳ್ಳುತ್ತಾರೆ. ಉಪ್ಪನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿ, ಒದ್ದೆ ಮಾಡಿ ಮುಟ್ಟಿಸಿದರೆ ಉದುರುತ್ತದೆ. ಎಳೆದು ಕೀಳಬಾರದು, ಗಾಯದಲ್ಲಿ ಬಾಯಿ ಉಳಿದು ಆಮೇಲೆ ಕೆರೆತ. ಬಿಟ್ಟ ಮೇಲೂ ರಕ್ತ ಹರಿಯುವುದು ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ. ಗಾಬರಿ ಬೇಡ, ಸ್ವಚ್ಛ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಷ್ಟೆಲ್ಲ ದೂರದ ಲೆಕ್ಕ ಹಾಕುವಾಗ ಉತ್ತರ ಕರ್ನಾಟಕದ ಎಳ್ಳಮಾವಾಸ್ಯೆ ಕಣ್ಣ ಮುಂದೆ ಬರುತ್ತದೆ. ಮಾರ್ಗಶಿರದ ಅಮಾವಾಸ್ಯೆ, ಡಿಸೆಂಬರಿನಲ್ಲೋ ಜನವರಿಯಲ್ಲೋ. ಎತ್ತಿನ ಗಾಡಿಗೆ, ಈಗ ಟ್ರ್ಯಾಕ್ಟರಿಗೆ, ಮನೆ ಮಂದಿಯೆಲ್ಲ ಹತ್ತಿ ತಮ್ಮದೇ ಹೊಲಕ್ಕೆ ಹೋಗುತ್ತಾರೆ. ಎರಡು ಮೂರು ಕಿಲೋಮೀಟರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಕಾಳು ಸೊಪ್ಪಿನ ಭಜ್ಜಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಗಡಿಗೆಯಲ್ಲಿ ಮೊಸರು. ನೀರಿನಂಶ ಕಡಿಮೆ ಇರುವ ರೊಟ್ಟಿ, ಪುಡಿಗಳೇ ಹೆಚ್ಚು, ಆದ್ದರಿಂದ ಬುತ್ತಿ ಕೆಡುವ ಮಾತೇ ಇಲ್ಲ. ಪಾಂಡವರೆಂದು ಐದು ಕಲ್ಲು ಇಟ್ಟು ಪೂಜೆ ಮಾಡಿ, ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಎಡೆಯಾಗಿ ಅಡುಗೆಯ ತುತ್ತು, ಚೆಲ್ಲುತ್ತಾರೆ. ಒಬ್ಬರು ಕೂಗಿ ಎರಚಿದರೆ ಹಿಂದಿನವರು ದನಿಗೂಡಿಸುತ್ತಾರೆ. ಆಮೇಲೆ ಬಿಳಿಜೋಳದ ಸಾಲುಗಳ ನಡುವೆ ಊಟ, ಪಕ್ಕದ ಹೊಲದವರನ್ನು ಕರೆದು ಕೂರಿಸಿ. ಮಕ್ಕಳು ಹಸಿ ಕಡಲೆ ಗಿಡ ಕಿತ್ತು ತಿನ್ನುತ್ತ ಬದುವಿನ ಮೇಲೆ ಓಡುತ್ತಾರೆ, ದೊಡ್ಡವರು ಬೇವಿನ ಮರದ ಕೆಳಗೆ ಕಂಬಳಿ ಹಾಸಿ ಮಲಗುತ್ತಾರೆ. ಹೊತ್ತು ಇಳಿದ ಮೇಲೆ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಮನೆ, ಬುಟ್ಟಿಯ ತಳದಲ್ಲಿ ನಾಳೆ ಬೆಳಗಿನ ನಾಷ್ಟಾಕ್ಕೆ ಸಾಕಾಗುವಷ್ಟು ರೊಟ್ಟಿ.